ಉಪ್ಪಿನ ಬಾಗಿಲು

ಅಮ್ಮ ಹೋದ ಮೇಲೆ ನಮ್ಮ ಮನೆಯಲ್ಲಿ ಕಾಲು ಉರಿಯದವಳು ಅಂದರೆ ನಾನೊಬ್ಬಳೇ. ಕಾದ ಡಾಂಬರಿನ ಮೇಲೆ ಚಪ್ಪಲಿ ಇಲ್ಲದೆ ಓಡಿಬಂದರೂ ನನಗೆ ಏನೂ ಆಗುತ್ತಿರಲಿಲ್ಲ. ಅದಕ್ಕೇ ಚಿಕ್ಕಂದಿನಲ್ಲಿ ನನ್ನ ಕಾಲಿಗೆ ಎಮ್ಮೆಕಾಲು ಅಂತ ಹೆಸರಿಟ್ಟಿದ್ದರು. ಅಪ್ಪನಿಗೂ ಅಕ್ಕನಿಗೂ ಹಾಗಲ್ಲ. ಸ್ವಲ್ಪ ದೂರ ನಡೆದರೆ, ಕಾಲುಚೀಲ ಹಾಕಿಕೊಂಡರೆ, ಹೊದಿಕೆಯೊಳಗೆ ಕಾಲು ಬೆಚ್ಚಗಾದರೆ ಸಾಕು, ಎರಡೂ ಪಾದ ಕೆಂಪಗೆ ಊದಿಕೊಂಡು ಉರಿಯಲು ಶುರು. ಅದು ಎಂಥ ಉರಿ ಅಂತ ಒಮ್ಮೆ ಅಕ್ಕನನ್ನು ಕೇಳಿದ್ದೆ. "ಒಲೆಯೊಳಗೆ ಕಾಲಿಟ್ಟು, ತೆಗೆಯೋ ಹಾಗಿಲ್ಲ ಅಂದ್ರೆ ಹೇಗಿರುತ್ತೆ?" ಅಂದಳು. ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಅಪ್ಪ ಐಸ್ ಫ್ಯಾಕ್ಟರಿಯ ಮೇಸ್ತ್ರಿ. ಅಲ್ಲಿ ನೆಲದ ಮಟ್ಟಕ್ಕೆ ಒಂದು ದೊಡ್ಡ ಟ್ಯಾಂಕು, ಅದರ ತುಂಬ ಕೊರೆಯುವ ಉಪ್ಪುನೀರು. ಅದರಲ್ಲಿ ಕತ್ತಿನವರೆಗೆ ಮುಳುಗಿದ ತಗಡಿನ ಡಬ್ಬಿಗಳು, ಡಬ್ಬಿಯೊಳಗೆ ಸಿಹಿನೀರು. ಹೊರಗಿನ ಉಪ್ಪುನೀರು ಅಷ್ಟು ತಣ್ಣಗಿದ್ದರೂ ನೀರಾಗಿಯೇ ಇರುತ್ತದೆ, ಒಳಗಿನ ಸಿಹಿನೀರು ಮಾತ್ರ ಗಟ್ಟಿಯಾಗುತ್ತದೆ. ಉಪ್ಪು ಕಮ್ಮಿಯಾದರೆ ಟ್ಯಾಂಕೇ ಹೆಪ್ಪುಗಟ್ಟಲು ನೋಡುತ್ತದೆ. ಹೆಚ್ಚಾದರೆ ಡಬ್ಬಿಗಳು ತುಕ್ಕು ಹಿಡಿದು ತೂತು ಬೀಳುತ್ತವೆ. ಆ ಹದ ಕಾಯುವುದು ಅಪ್ಪನ ಕೆಲಸ. ಗಾಜಿನ ಕಡ್ಡಿಯೊಂದನ್ನು ನೀರಲ್ಲಿ ತೇಲಿಬಿಟ್ಟು ನೋಡುತ್ತಿದ್ದ. ಉಪ್ಪು ಹೆಚ್ಚಾಗಿ ಕಡ್ಡಿ ಮೇಲೆದ್ದಿದ್ದರೆ ಸ್ವಲ್ಪ ನೀರು ಹೊರಗೆ ಬಿಟ್ಟು ಸಿಹಿನೀರು ತುಂಬಿಸುತ್ತಿದ್ದ. ಕಮ್ಮಿಯಾಗಿ ಕಡ್ಡಿ ಮುಳುಗಿದ್ದರೆ ಮೂಟೆ ಬಿಚ್ಚಿ ಉಪ್ಪು ಸುರಿಯುತ್ತಿದ್ದ. ಉಳಿದವರೆಲ್ಲ ರಬ್ಬರ್ ಬೂಟು ಹಾಕಿಕೊಂಡು ಓಡಾಡುವ ಆ ಒದ್ದೆ ನೆಲದ ಮೇಲೆ ಅಪ್ಪನದು ಬರಿಗಾಲು. ಎಲ್ಲರೂ ಅವನನ್ನು ಬರಿಗಾಲ ಮೇಸ್ತ್ರಿ ಅನ್ನುತ್ತಿದ್ದರು. ಮಾಲೀಕ ಅದನ್ನು ಕೆಲಸದ ಮೇಲಿನ ಭಕ್ತಿ ಅಂತ ತಿಳಿದುಕೊಂಡಿದ್ದ. ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಆ ನೆಲ ತಣ್ಣಗಿತ್ತು, ಅಷ್ಟೇ.

ನಾನು ಅದೇ ಫ್ಯಾಕ್ಟರಿಯ ಐಸ್ ಗಾಡಿ ಓಡಿಸುತ್ತೇನೆ, ಮೀನು ಮಾರ್ಕೆಟ್ಟಿಗೆ, ಹೋಟೆಲುಗಳಿಗೆ. ಅಕ್ಕ ಮನೆಯಲ್ಲೇ ಕೂತು ಟೈಲರ್ ಅಂಗಡಿಗೆ ಕಾಜಾ ಗುಂಡಿ ಮಾಡಿಕೊಡುತ್ತಿದ್ದಳು. ಮೇಜಿನ ಮೇಲೆ ಷರಟುಗಳ ರಾಶಿ, ಮೇಜಿನ ಕೆಳಗೆ ಐಸ್ ನೀರಿನ ಟಬ್ಬು, ಟಬ್ಬಿನೊಳಗೆ ಅವಳ ಕಾಲು. ಅವಳ ಕೈಗೆ ಕಾಜಾಕ್ಕಿಂತ ದೊಡ್ಡ ಕೆಲಸ ಗೊತ್ತಿತ್ತು. ಬಟ್ಟೆ ಕಂಡರೆ ಸಾಕು, ಎಲ್ಲಿ ಕತ್ತರಿಸಿದರೆ ಹೆಗಲು ಸರಿಯಾಗಿ ಕೂರುತ್ತದೆ ಅಂತ ಕಣ್ಣಲ್ಲೇ ಅಳೆಯುತ್ತಿದ್ದಳು. ಆದರೆ ಕಟಿಂಗ್ ಮಾಡುವವರು ಇಡೀ ದಿನ ಮೇಜಿನ ಮುಂದೆ ನಿಲ್ಲಬೇಕು. ನಿಲ್ಲುವುದೊಂದು ಅವಳ ಕೈಲಾಗದ ಮಾತು. "ಒಂದು ವರ್ಷ ನಿಂತ್ಕೊಂಡು ಕೆಲಸ ಮಾಡೋ ಕಾಲು ಸಿಕ್ಕಿದ್ರೆ ಸಾಕಾಗಿತ್ತು ಕಣೇ," ಅನ್ನುತ್ತಿದ್ದಳು. ಬೇರೆ ಹೆಂಗಸರು ಬಂಗಾರ ಕೇಳುವ ವಯಸ್ಸಿನಲ್ಲಿ ಅವಳು ಕೇಳಿದ್ದು ಅಷ್ಟೇ.

ಐಸ್ ನೀರು ಉರಿಯನ್ನು ಅಡಗಿಸುತ್ತಿತ್ತು, ಆದರೆ ಚರ್ಮವನ್ನು ಕೊಳೆಸುತ್ತಿತ್ತು. ಕೊನೆಗೆ ಬಲಗಾಲಿನ ಕಿರುಬೆರಳಲ್ಲಿ ಒಂದು ಹುಣ್ಣಾಗಿ ಏನು ಮಾಡಿದರೂ ಮಾಯಲಿಲ್ಲ. ಅದನ್ನು ತೋರಿಸಲು ಹೋದಾಗ ಯಾರೋ ನರದ ಡಾಕ್ಟರ ಹತ್ತಿರ ಕಳಿಸಿದರು. ಅದಕ್ಕೂ ಮುಂಚೆ ಕಂಡ ಡಾಕ್ಟರುಗಳಲ್ಲಿ ಒಬ್ಬರು ರಕ್ತ ಕಮ್ಮಿ ಅಂದಿದ್ದರು, ಒಬ್ಬರು ಗಾಳಿ ಬದಲಾಯಿಸಿ ಅಂದಿದ್ದರು, ಒಬ್ಬ ಮಹಾನುಭಾವ ಮದುವೆ ಮಾಡಿ ಸರಿಹೋಗುತ್ತೆ ಅಂದಿದ್ದ. ಈ ಡಾಕ್ಟರಮ್ಮ ಮಾತ್ರ ಅಪ್ಪನ ಕಾಲನ್ನೂ ನೋಡಿದರಂತೆ, ಅವನ ಅಪ್ಪನ ಕಾಲಿನ ಕಥೆಯನ್ನೂ ಕೇಳಿದರಂತೆ, ಇಬ್ಬರ ರಕ್ತವನ್ನೂ ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಫಲಿತಾಂಶ ಬಂದ ದಿನ ಮೂವರೂ ಹೋದೆವು. ನೀರು ತೊಟ್ಟಿಕ್ಕುವ ಐಸ್ ಗಾಡಿಯನ್ನು ಆಸ್ಪತ್ರೆ ಮುಂದೆ ನಿಲ್ಲಿಸಲು ಕಾವಲುಗಾರ ಬಿಡಲಿಲ್ಲ. ನಾನು ಬೀದಿ ಸುತ್ತುತ್ತ ಇದ್ದೆ; ಅವರಿಬ್ಬರು ಒಳಗೆ ಕೇಳಿಸಿಕೊಂಡರು.

ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು. ಅಕ್ಕನ ಮುಖದಲ್ಲಿ ನಗು ಇತ್ತು.

"ಏನಂದ್ರು?" ಅಂತ ಕೇಳಿದೆ.

"ನಂಗೆ ಹುಚ್ಚಿಲ್ವಂತೆ."

"ಅದು ಅವರಿಗೆ ಗೊತ್ತಿಲ್ಲ ಬಿಡು. ಕಾಲಿಗೆ ಏನಂದ್ರು?"

"ನೋವಿನ ನರದಲ್ಲಿ ಸಣ್ಣ ಸಣ್ಣ ಬಾಗಿಲು ಇರ್ತಾವಂತೆ. ಸೋಡಿಯಂ ಚಾನೆಲ್ ಅಂತ ಹೆಸರು. ನರದಲ್ಲಿ ಒಂಚೂರು ಕರೆಂಟ್ ಇರುತ್ತಲ್ಲ, ಅದರ ವೋಲ್ಟೇಜ್ ನೋಡ್ಕೊಂಡು ಆ ಬಾಗಿಲು ತೆರೆಯುತ್ತಂತೆ. ತೆರೆದ ಕೂಡ್ಲೇ ಸೋಡಿಯಂ ಒಳಗೆ ನುಗ್ಗುತ್ತೆ, ನೋವು ಅಂತ ಮೆದುಳಿಗೆ ಸುದ್ದಿ ಹೋಗುತ್ತೆ. ಆಮೇಲೆ ತಟ್ಟಂತ ಮುಚ್ಕೋಬೇಕು. ನಮ್ಮಿಬ್ಬರ ಬಾಗಿಲು ಹುಟ್ಟಿನಿಂದಲೇ ಸಡಿಲ. ಯಾರೂ ತಟ್ಟದೇ ಇದ್ರೂ ತೆರ್ಕೊಳ್ಳುತ್ತೆ, ಮುಚ್ಚು ಅಂದ್ರೆ ಮುಚ್ಚಲ್ಲ. ಕಾಲು ಒಂಚೂರು ಬೆಚ್ಚಗಾದ್ರೆ ಸಾಕು, ಬೆಂಕಿ ಬಿದ್ದಿದೆ ಅಂತ ಕೂಗುತ್ತೆ."

"ಬೆಂಕಿ ಇಲ್ದೇನೇ?"

"ಬೆಂಕಿ ಇಲ್ದೇನೇ. ಆದ್ರೆ ಉರಿ ಮಾತ್ರ ಸುಳ್ಳಲ್ವಂತೆ. ಅದನ್ನ ಅವರ ಬಾಯಲ್ಲಿ ಕೇಳಿ ಅಳು ಬಂತು ಕಣೇ."

ಫಿಟ್ಸ್ ಇರುವವರಿಗೆ ಕೊಡುವ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದರು. ಅದು ಆ ಬಾಗಿಲನ್ನು ಒತ್ತಿ ಮುಚ್ಚುತ್ತದಂತೆ. ಎಲ್ಲರಿಗೂ ಆಗಿಬರುವುದಿಲ್ಲ, ಇವರ ಬಾಗಿಲು ಕೆಟ್ಟಿರುವ ರೀತಿಗೆ ಆಗಿಬರಬಹುದಂತೆ. ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆಗೆ ಬನ್ನಿ ಅಂದಿದ್ದರು. ಅಪ್ಪನಿಗೂ ಬರೆಯುತ್ತೇನೆ ಅಂದರೆ ಅವನು, ಮೊದಲು ಮಗಳಿಗೆ ಆಗಲಿ, ನನಗೆ ಫ್ಯಾಕ್ಟರಿ ನೆಲ ಇದೆ ಅಂದನಂತೆ.

ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅಪ್ಪ ಕೇಳಿದ: "ಸೋಡಿಯಂ ಅಂದ್ರೆ ಉಪ್ಪು ತಾನೇ?"

"ಉಪ್ಪಲ್ಲಿ ಇರೋದೇ ಅಂದ್ರಲ್ಲಪ್ಪ."

"ಇದು ಅಪ್ಪನಿಂದ ಬಂದಿದ್ದು ಅಂದ್ರಲ್ಲ?"

"ಹೂಂ. ನಿಂಗೆ ತಾತನಿಂದ ಬಂದ ಹಾಗೆ."

"ಇಷ್ಟು ವರ್ಷ ಉಪ್ಪುನೀರಲ್ಲಿ ನಿಂತವನು ನಾನು. ಅಂಗಾಲಿಂದ ಹತ್ತಿ ರಕ್ತಕ್ಕೆ ಇಳಿದಿದೆ. ನನ್ನಿಂದ ನಿಂಗೆ ಬಂದಿದೆ."

"ಫ್ಯಾಕ್ಟರಿ ಸೇರೋಕೆ ಮುಂಚೆನೇ ನಿನ್ನ ಕಾಲು ಉರೀತಿತ್ತಲ್ಲಪ್ಪ," ಅಂದಳು ಅಕ್ಕ. "ತಾತ ಯಾವ ಐಸ್ ಫ್ಯಾಕ್ಟರಿ ಕಂಡಿದ್ದ?"

ಅಪ್ಪನಿಗೆ ಒಂದು ಮಾತು ತಲೆಗೆ ಹೊಕ್ಕರೆ ಹೊಕ್ಕಿತು, ಹಾರೆ ಹಾಕಿ ಮೀಟಿದರೂ ಅಲ್ಲಾಡುವುದಿಲ್ಲ. ಅದೂ ಅಲ್ಲದೆ, ತನ್ನ ಮಗಳ ಕಾಲಿನ ಉರಿಗೆ ತಾನೇ ಕಾರಣ ಅಂತ ಅವನು ಎಷ್ಟೋ ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದ. ಈಗ ಆ ಕೊರಗಿಗೆ ಒಂದು ವಸ್ತು ಸಿಕ್ಕಿತ್ತು, ಅದೂ ಅವನ ಕೈಯಲ್ಲಿ ದಿನಾ ಓಡಾಡುವ ವಸ್ತು.

ಮಾರನೆಯ ದಿನದಿಂದ ನಮ್ಮ ಅಡುಗೆಗೆ ಉಪ್ಪು ಬೀಳುವುದು ನಿಂತಿತು. ಅಮ್ಮ ಹೋದಾಗಿನಿಂದ ಅಡುಗೆ ಅಪ್ಪನದೇ. ಬೇಯಿಸಿದ ತರಕಾರಿ ಸಪ್ಪೆ, ಮೊಟ್ಟೆ ಸಪ್ಪೆ, ಬೇಕರಿಯಿಂದ ತಂದ ಬ್ರೆಡ್ಡಿನಲ್ಲೂ ಉಪ್ಪಿರುತ್ತದೆ ಅಂತ ಅದೂ ಬಂದ್. ನಾನು ತಟ್ಟೆ ಹಿಡಿದುಕೊಂಡು ಡಬ್ಬಿ ಹುಡುಕಿದರೆ, "ನೀನು ಬೇಕಾದ್ರೆ ಹಾಕ್ಕೋ, ಅವಳ ಮುಂದೆ ಇಡಬೇಡ," ಅಂದ. ಜೊತೆಗೆ ನೀರು. ಬೆಳಗ್ಗೆ ಒಂದು ದೊಡ್ಡ ಜಗ್ಗು ಅಕ್ಕನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದ, ಮಧ್ಯಾಹ್ನ ಊಟಕ್ಕೆ ಬಂದಾಗ ಅದು ಖಾಲಿ ಇರಬೇಕು, ಸಂಜೆಯದು ಬೇರೆ.

"ಇದೇನಪ್ಪ, ಅವಳನ್ನ ಟ್ಯಾಂಕ್ ಅಂದ್ಕೊಂಡಿದ್ಯಾ?" ಅಂದೆ.

"ಎಲ್ಲ ಒಂದೇ ಲೆಕ್ಕ. ಉಪ್ಪು ಹೆಚ್ಚಾದ್ರೆ ಹೊರಗೆ ಬಿಡಬೇಕು, ಸಿಹಿನೀರು ತುಂಬಬೇಕು. ಬಾಗಿಲು ತೆರೆದೇ ಇರಲಿ ಬಿಡು. ಒಳಗೆ ನುಗ್ಗೋಕೆ ಉಪ್ಪೇ ಇಲ್ಲದಿದ್ರೆ ಏನು ಮಾಡುತ್ತೆ?"

ಕೇಳಲು ಸರಿಯಾಗಿಯೇ ಇತ್ತು. "ಡಾಕ್ಟರನ್ನ ಒಂದ್ಸಲ ಕೇಳು," ಅಂತಷ್ಟೇ ಹೇಳಿದೆ. "ಅವರೇ ಹೇಳಿದ್ದಲ್ಲ," ಅಂದ. ಅಕ್ಕನ ಹತ್ತಿರ ಹೋಗಿ ನೀನಾದರೂ ಬೇಡ ಅನ್ನು ಅಂದರೆ ಅವಳು ನಕ್ಕಳು. "ಉಪ್ಪಿಲ್ಲದ ಊಟದಿಂದ ಯಾರು ಸತ್ತಿದ್ದಾರೆ? ಅಪ್ಪನಿಗೆ ಏನಾದ್ರೂ ಮಾಡ್ಬೇಕು ಅನ್ಸಿದೆ. ಮಾಡ್ಲಿ ಬಿಡು, ಅವನ ಜೀವಕ್ಕೆ ಸಮಾಧಾನ," ಅಂತ ಇನ್ನೊಂದು ಲೋಟ ಬಗ್ಗಿಸಿಕೊಂಡಳು. ಮಾತ್ರೆಯನ್ನೂ ಅದೇ ನೀರಲ್ಲಿ ನುಂಗಿದಳು.

ಮಾತ್ರೆ ಹತ್ತಿತು. ಮೊದಲು ಸಂಜೆಯ ಉರಿ ಇಳಿಯಿತು, ಆಮೇಲೆ ಹಗಲಿನದು. ಒಂದು ಬೆಳಗ್ಗೆ ಎದ್ದು ನೋಡಿದರೆ ಅಕ್ಕ ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು ಮಲಗಿದ್ದಾಳೆ. ಬುದ್ಧಿ ಬಂದಾಗಿನಿಂದ ಅವಳ ಪಾದ ಹೊದಿಕೆಯ ಒಳಗಿದ್ದುದನ್ನು ನಾನು ಕಂಡಿರಲಿಲ್ಲ. ಟಬ್ಬು ಬಚ್ಚಲಿಗೆ ಹೋಯಿತು. ಹುಣ್ಣು ಒಣಗಿ ಹಕ್ಕಳೆ ಕಟ್ಟಿತು. ಟೈಲರ್ ಅಂಗಡಿಯ ಒಡತಿ, ನಾವೆಲ್ಲ ಟೈಲರಮ್ಮ ಅನ್ನುವವರು, ಕಟಿಂಗ್ ಮೇಜಿನ ಮುಂದೆ ಅಕ್ಕನನ್ನು ಪರೀಕ್ಷೆಗೆ ನಿಲ್ಲಿಸಿದರು. ಅಕ್ಕ ಅಲ್ಲೇ ಬೇರುಬಿಟ್ಟಳು.

ಆ ದಿನಗಳನ್ನು ಈಗ ನೆನೆಯಲೂ ಆಗದು, ಅಷ್ಟು ಚೆನ್ನಾಗಿದ್ದವು. ಅವಳು ಮುಚ್ಚಿದ ಬೂಟು ಕೊಂಡಳು, ಲೇಸು ಕಟ್ಟಲು ಬರದೆ ನನ್ನ ಕೈಲಿ ಕಟ್ಟಿಸಿಕೊಂಡಳು. ಬಸ್ಸಿಳಿದು ಬೇಕೆಂದೇ ಬಿಸಿಲ ಕಡೆಯ ಪಾದಚಾರಿ ದಾರಿಯಲ್ಲಿ ನಡೆಯುತ್ತಿದ್ದಳು. ಸಂಜೆ ಮನೆಗೆ ಬಂದು, "ಕಾಲು ನೋಯ್ತಿದೆ ಕಣೇ, ಎಲ್ಲರಿಗೂ ನೋಯುತ್ತಲ್ಲ, ಆ ಥರ," ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಅಪ್ಪನಂತೂ ನೆಲದ ಮೇಲೇ ಇರಲಿಲ್ಲ. ಫ್ಯಾಕ್ಟರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಉಪ್ಪಿನ ಕಥೆ ಹೇಳುತ್ತಿದ್ದ. ಮಾತ್ರೆಯ ಹೆಸರು ಆ ಕಥೆಯಲ್ಲಿ ಕೊನೆಗೆ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ.

ರಕ್ತ ಪರೀಕ್ಷೆಯ ದಿನ ಬಂತು, ಹೋಯಿತು. ಶಾಲೆಗಳ ಸಮವಸ್ತ್ರದ ಹೊಲಿಗೆ ರಾಶಿ ಬಿದ್ದಿತ್ತು. ಅಕ್ಕ ಮುಂದಿನ ವಾರ ಹೋಗ್ತೀನಿ ಅಂದಳು, ಅದರ ಮುಂದಿನ ವಾರವೂ ಹಾಗೇ ಅಂದಳು. ಜನ್ಮದಲ್ಲಿ ಮೊದಲ ಸಲ ಮೇಜಿನ ಮುಂದೆ ನಿಂತವಳಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಹೋಗಿ ಕೂರು ಅಂದರೆ ಹೇಗೆ ಒಪ್ಪುತ್ತಾಳೆ? ಕಾಲು ಚೆನ್ನಾಗಿದ್ದವರು ಆಸ್ಪತ್ರೆಗೆ ಯಾಕೆ ಹೋಗಬೇಕು ಅಂತ ನನಗೂ ಅನ್ನಿಸಿತ್ತು.

ಆಮೇಲೆ ತಲೆನೋವು ಶುರುವಾಯಿತು. ಮೊದಮೊದಲು ಕತ್ತರಿ ಹಿಡಿದು ಕಣ್ಣು ಸೋತಿರಬೇಕು ಅಂದುಕೊಂಡೆವು. ಬೆಳಗ್ಗೆ ಎದ್ದರೆ ವಾಕರಿಕೆ. ಮಾತಾಡುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ, "ನಾನೇನು ಹೇಳ್ತಿದ್ದೆ?" ಅನ್ನುತ್ತಿದ್ದಳು. ಅಪ್ಪ ಮಾತ್ರ ಹೆದರಲಿಲ್ಲ. "ಹಳೇ ಉಪ್ಪು ಹೊರಗೆ ಬರ್ತಿದೆ. ಟ್ಯಾಂಕ್ ತೊಳೆಯುವಾಗ ತಳದ ರಾಡಿ ಏಳುತ್ತಲ್ಲ, ಹಾಗೆ," ಅಂದು ಜಗ್ಗಿನ ಜೊತೆಗೆ ಒಂದು ಬಾಟಲಿಯನ್ನೂ ಅಂಗಡಿಗೆ ಕಟ್ಟಿಕೊಟ್ಟ. ನಾನು ಜಗಳ ತೆಗೆದೆ. ಅಪ್ಪ ಎದುರು ಜಗಳ ಆಡಲಿಲ್ಲ; ಅವನ ಕಣ್ಣಲ್ಲಿ ನೀರು ತುಂಬಿತು. "ನನ್ನಿಂದ ಬಂದಿದ್ದನ್ನ ನಾನು ತೆಗೀತಿದ್ದೀನಿ, ಚಿಕ್ಕವಳೇ. ಅಡ್ಡ ಬರಬೇಡ," ಅಂದ. ಆ ವಾರದ ಕೊನೆಗೆ ಹೇಗಾದರೂ ಆಸ್ಪತ್ರೆಗೆ ಎಳೆದುಕೊಂಡು ಹೋಗುವುದು ಅಂತ ನಾನೂ ಅಕ್ಕನೂ ಮಾತಾಡಿಕೊಂಡೆವು.

ವಾರದ ಕೊನೆ ಬರಲಿಲ್ಲ. ನಾನು ಮೀನು ಮಾರ್ಕೆಟ್ಟಿನಲ್ಲಿ ಐಸ್ ಇಳಿಸುತ್ತಿದ್ದಾಗ ಟೈಲರಮ್ಮನ ಫೋನು ಬಂತು. ಅಕ್ಕ ಬೆಳಗ್ಗೆಯಿಂದ ಕತ್ತರಿಸಿದ ಷರಟಿನ ತೋಳುಗಳೆಲ್ಲ ಎಡಗೈಯವೇ ಆಗಿದ್ದವಂತೆ. ಇದೇನಮ್ಮ ಅಂತ ಕೇಳಿದ್ದಕ್ಕೆ ಅವರ ಮುಖವನ್ನೇ ನೋಡುತ್ತ ನಿಂತಳಂತೆ, ಹಾಗೇ ಸೆಟೆದು ಬಿದ್ದಳಂತೆ. ನಾನು ಅಲ್ಲಿಗೆ ಹೋಗುವಷ್ಟರಲ್ಲಿ ಅಕ್ಕ ಬಟ್ಟೆ ಚೂರುಗಳ ನಡುವೆ ಅಡ್ಡಮಲಗಿದ್ದಳು, ಬಾಯಲ್ಲಿ ನೊರೆ, ಕಾಲಲ್ಲಿ ಬೂಟು. ಫಿಟ್ಸ್ ಮಾತ್ರೆ ನುಂಗುತ್ತಿದ್ದವಳಿಗೆ ಫಿಟ್ಸ್ ಬಂದಿತ್ತು. ಗಾಡಿಯ ಹಿಂದೆ ಉಳಿದಿದ್ದ ಐಸ್ ಗಟ್ಟಿಗಳನ್ನು ಬೀದಿಗೆ ಉರುಳಿಸಿ ಅವಳನ್ನು ಮಲಗಿಸಿದೆವು. ಆ ಸಲ ಕಾವಲುಗಾರ ಗಾಡಿಯನ್ನು ತಡೆಯಲಿಲ್ಲ.

ರಕ್ತದಲ್ಲಿ ಸೋಡಿಯಂ ಪಾತಾಳಕ್ಕೆ ಇಳಿದಿದೆ ಅಂದರು. ಅಪ್ಪ ಫ್ಯಾಕ್ಟರಿಯಿಂದ ಓಡಿಬಂದಿದ್ದ, ಒದ್ದೆ ಪ್ಯಾಂಟು, ಬರಿಗಾಲು, ಉರಿದು ಕೆಂಡವಾದ ಪಾದ. ನರದ ಡಾಕ್ಟರಮ್ಮ ಬಂದು ಅಕ್ಕನನ್ನು ನೋಡಿ ಹೊರಗೆ ಬಂದರು.

"ಊಟದಲ್ಲಿ ಉಪ್ಪು ಬಿಟ್ಟಿದ್ರಾ?"

"ಬಿಟ್ಟಿದ್ವಿ ಮೇಡಂ. ಒಂದು ಹರಳೂ ಹಾಕಿಲ್ಲ," ಅಂದ ಅಪ್ಪ. ಆಗಲೂ ಅವನ ಧ್ವನಿಯಲ್ಲಿ ಒಳ್ಳೆಯ ಕೆಲಸ ಮಾಡಿದವನ ನಂಬಿಕೆಯಿತ್ತು. "ನೀರೂ ಚೆನ್ನಾಗಿ ಕುಡಿಸಿದ್ದೀನಿ."

"ಯಾರು ಹೇಳಿದ್ರು ನಿಮಗೆ?"

"ನೀವೇ ಮೇಡಂ. ಸೋಡಿಯಂ ಒಳಗೆ ನುಗ್ಗುತ್ತೆ ಅಂದ್ರಲ್ಲ."

ಡಾಕ್ಟರಮ್ಮ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟರು. ಅವರು ಬೈದಿದ್ದರೆ ಚೆನ್ನಾಗಿತ್ತು. ನಿಧಾನವಾಗಿ ಹೇಳಿದರು. "ಕೆಟ್ಟಿದ್ದು ಬಾಗಿಲು, ಯಜಮಾನ್ರೇ. ಉಪ್ಪಲ್ಲ. ಆ ಬಾಗಿಲಿಗೂ ನಾವು ತಿನ್ನೋ ಉಪ್ಪಿಗೂ ಸಂಬಂಧ ಇಲ್ಲ. ಅದೇ ಸೋಡಿಯಂ ಇಲ್ಲದೆ ಮೆದುಳೂ ಓಡಲ್ಲ, ಹೃದಯಾನೂ ಓಡಲ್ಲ. ಈ ಮಾತ್ರೆ ಕೆಲವರಲ್ಲಿ ರಕ್ತದ ಸೋಡಿಯಂ ಇಳಿಸುತ್ತೆ, ಅದಕ್ಕೇ ಪರೀಕ್ಷೆಗೆ ಬನ್ನಿ ಅಂದಿದ್ದು. ಅದರ ಮೇಲೆ ಉಪ್ಪೂ ಬಿಟ್ಟು, ನೀರೂ ಕುಡಿಸಿದ್ರೆ ಮೆದುಳಿಗೆ ನೀರು ಹತ್ತಿ ಊದುತ್ತೆ. ಈಗ ಆಗಿರೋದು ಅದು."

ಅಪ್ಪನ ಮುಖ ಸುಣ್ಣ ಬಳಿದಂತಾಯಿತು. "ಹಾಗಾದ್ರೆ ಉಪ್ಪು ಹಾಕಿ. ಈಗ್ಲೇ ಹಾಕಿ."

"ಹಾಕ್ತಿದ್ದೀವಿ. ಡ್ರಿಪ್‌ನಲ್ಲಿ ಹೋಗ್ತಿರೋದು ಉಪ್ಪುನೀರೇ."

ಅಪ್ಪ ಬಾಗಿಲ ಗಾಜಿನಿಂದ ಇಣುಕಿದ. ಬಾಟಲಿಯಿಂದ ಒಂದು ಹನಿ ಬಿತ್ತು. ತುಂಬ ಹೊತ್ತು ಬಿಟ್ಟು ಇನ್ನೊಂದು ಬಿತ್ತು. "ಇಷ್ಟು ನಿಧಾನಕ್ಕಾ? ಜೋರಾಗಿ ಬಿಡಿ ಮೇಡಂ. ಇನ್ನೊಂದು ಬಾಟ್ಲಿ ಏರಿಸಿ. ನಾನು ತಂದುಕೊಡ್ತೀನಿ."

"ಅವಸರ ಮಾಡಿದ್ರೆ ಮೆದುಳು ಶಾಶ್ವತವಾಗಿ ಕೆಡುತ್ತೆ. ಇಳಿದಿದ್ದನ್ನ ಹನಿಹನಿಯಾಗೇ ಏರಿಸಬೇಕು. ಕಾಯಬೇಕು."

ಮೂಟೆಗಟ್ಟಲೆ ಉಪ್ಪು ಸುರಿದು ಟ್ಯಾಂಕಿನ ಹದ ತಂದ ಮನುಷ್ಯ ಆ ಗಾಜಿಗೆ ಹಣೆ ಒತ್ತಿ ಹನಿ ಕಾಯುತ್ತ ನಿಂತ. ಅವನ ಮೇಲೆ ನನಗೆ ಕೆಂಡದಂಥ ಸಿಟ್ಟಿತ್ತು, ಎಲ್ಲರೆದುರು ಕೂಗಾಡಬೇಕು ಅನ್ನಿಸಿತ್ತು. ಹತ್ತಿರ ಹೋದರೆ ಅವನ ಪಾದಗಳು ಕಂಡವು, ಕೆಂಪಗೆ ಊದಿಕೊಂಡಿದ್ದವು. ನಾನು ಬೈಯಲಿಲ್ಲ. ನರ್ಸಿನ ಹತ್ತಿರ ಒದ್ದೆ ಬಟ್ಟೆ ಕೇಳಿ ಅವನ ಕಾಲಿಗೆ ಸುತ್ತಿದೆ.

ಅಕ್ಕ ಬದುಕಿದಳು. ಎಚ್ಚರವಾಗಿ, ನಮ್ಮ ಗುರುತು ಹಿಡಿದು, ಎರಡು ತುತ್ತು ತಿನ್ನುವಷ್ಟಾದಳು. ಅಷ್ಟರಲ್ಲೇ ಒಂದು ಮಧ್ಯಾಹ್ನ ಕಾಲಿನಿಂದ ಹೊದಿಕೆ ಒದ್ದು ಸರಿಸಿದಳು. ನಾನು ನೋಡಿದೆ. ಬೆರಳ ತುದಿಗಳು ಕೆಂಪಾಗುತ್ತಿದ್ದವು.

"ಮಾತ್ರೆ ನಿಲ್ಲಿಸಿದ್ರಾ?" ಅಂತ ಕೇಳಿದಳು.

ನಾನು ಹೊದಿಕೆಯನ್ನು ಮಡಿಚಿ ಪಕ್ಕಕ್ಕಿಟ್ಟೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಸೋಡಿಯಂ ಇಷ್ಟು ಕೆಳಗಿಳಿದು ಫಿಟ್ಸ್ ಬಂದವರಿಗೆ ಆ ಮಾತ್ರೆಯನ್ನು ಮತ್ತೆ ಕೊಡಲಾರೆ ಅಂತ ಡಾಕ್ಟರಮ್ಮ ಖಂಡಿತವಾಗಿ ಹೇಳಿದರು. ಅಪ್ಪ ಕೈ ಮುಗಿದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದ. "ನಾನು ಉಪ್ಪು ನಿಲ್ಲಿಸದೇ ಇದ್ದಿದ್ರೆ, ಇವಳು ಅದನ್ನ ನುಂಗ್ತಾ ಇರಬಹುದಿತ್ತಾ?" ಇಲ್ಲ ಅಂತ ಒಂದು ಸುಳ್ಳು ಹೇಳಲಿ ಅಂತ ನಾನು ಅವರನ್ನೇ ನೋಡುತ್ತಿದ್ದೆ. ಅವರು ಸುಳ್ಳು ಹೇಳುವವರಲ್ಲ. "ಬಹುಶಃ," ಅಂದರು. ಆ ಒಂದು ಮಾತನ್ನು ಅಪ್ಪ ಮನೆಗೆ ಹೊತ್ತು ತಂದ.

ಇನ್ನೊಂದು ಮಾತ್ರೆ ನೋಡಿದರು, ಹೃದಯದ ಬಡಿತ ತಪ್ಪಿದವರಿಗೆ ಕೊಡುವಂಥದ್ದು. ಹೃದಯದಲ್ಲೂ ಅದೇ ಜಾತಿಯ ಬಾಗಿಲುಗಳಿವೆಯಂತೆ; ಮಾತ್ರೆಗೆ ಇದು ಕಾಲಿನದು, ಇದು ಎದೆಯದು ಅಂತ ಭೇದ ತಿಳಿಯುವುದಿಲ್ಲ. ಅಕ್ಕನಿಗೆ ಕಣ್ಣು ಕತ್ತಲೆ ಬಂದು, ಎದೆ ಪರೀಕ್ಷೆಯ ಇಸಿಜಿ ಪಟ್ಟಿಯಲ್ಲಿ ಗೆರೆ ಏರುಪೇರಾಗಿ, ಅದನ್ನೂ ಕೈಬಿಟ್ಟರು. ಕಾಲಿನ ಆ ಒಂದು ಬಾಗಿಲನ್ನೇ ಹುಡುಕಿ ಮುಚ್ಚುವ ಔಷಧಿಗೆ ಕಾಯಬೇಕು ಅಂದರು. ಎಷ್ಟು ದಿನ ಅಂತ ಅಕ್ಕ ಕೇಳಲಿಲ್ಲ. ಟೈಲರಮ್ಮ ಒಳ್ಳೆಯವರು, ಸ್ವಲ್ಪ ದಿನ ಎತ್ತರದ ಸ್ಟೂಲು ಹಾಕಿಸಿ ನೋಡಿದರು. ಕೂತರೂ ಉರಿ, ಇಳಿಬಿಟ್ಟರೆ ಇನ್ನೂ ಉರಿ. ಕಟಿಂಗಿಗೆ ಬೇರೆ ಆಳು ಬಂತು. ಕಾಜಾ ಗುಂಡಿಯ ಷರಟುಗಳು ಮತ್ತೆ ಮನೆಗೆ ಬಂದವು, ಟಬ್ಬು ಮತ್ತೆ ಮೇಜಿನ ಕೆಳಗೆ ಬಂತು.

ಅಪ್ಪನಿಗೆ ಆ ಮೊದಲ ಮಾತ್ರೆ ಕೊಡಬಹುದು ಅಂತ ಡಾಕ್ಟರಮ್ಮ ಮತ್ತೆ ಹೇಳಿ ಕಳಿಸಿದರು. ಬಾಗಿಲು ಕೆಟ್ಟಿರುವ ರೀತಿ ಒಂದೇ. ರಕ್ತ ನೋಡಿಕೊಂಡು ಕೊಟ್ಟರೆ ಅವನಿಗೂ ಹತ್ತುತ್ತದೆ ಅಂದರು. ಅಪ್ಪ ಚೀಟಿಯನ್ನು ಮುಟ್ಟಲೂ ಇಲ್ಲ. "ನಂಗ್ಯಾಕೆ? ನಾನು ಉರೀಬೇಕಾದವನು," ಅಂದ.

ಅಕ್ಕ ಅಲ್ಲಿಯವರೆಗೆ ಅವನಿಗೆ ಒಂದು ಬಿರುಸು ಮಾತು ಆಡಿರಲಿಲ್ಲ. ಆ ದಿನ ಸೂಜಿ ಬಿಸಾಡಿದಳು. "ನೀನು ಉರಿದ್ರೆ ನಂದು ಕಮ್ಮಿ ಆಗುತ್ತಾ? ನೀನು ಪಾಪ ತೊಳ್ಕೊಳ್ಳೋದನ್ನ ನಾನು ದಿನಾ ಕೂತು ನೋಡಬೇಕಾ? ನಂಗೆ ಅಷ್ಟು ಶಕ್ತಿ ಇಲ್ಲಪ್ಪ. ಒಬ್ಬರ ಕಾಲಾದ್ರೂ ತಣ್ಣಗಿರಲಿ. ನುಂಗು." ಅಪ್ಪ ನನ್ನ ಕಡೆ ನೋಡಿದ. ನಾನು ನೀರಿನ ಲೋಟ ಮುಂದೆ ಹಿಡಿದೆ. ಮಗಳು ಹೇಳಿದ್ದನ್ನು ಮಾಡುವುದಲ್ಲದೆ ಅವನಿಗೆ ಇನ್ನೇನು ಉಳಿದಿತ್ತು? ನುಂಗಿದ. ಅಡುಗೆಯನ್ನು ನಾನು ವಹಿಸಿಕೊಂಡೆ, ಅವನ ತಟ್ಟೆಗೆ ಅಳತೆಯ ಉಪ್ಪು ನಾನೇ ಹಾಕಿದೆ, ರಕ್ತ ಪರೀಕ್ಷೆಗೆ ಒಂದು ಸಲವೂ ತಪ್ಪಿಸದೆ ಕರೆದುಕೊಂಡು ಹೋದೆ.

ಅವನ ಸೋಡಿಯಂ ಕದಲಲಿಲ್ಲ. ಕಾಲು ತಣ್ಣಗಾಯಿತು. ಹುಟ್ಟಿದಾಗಿನಿಂದ ಉರಿದ ಪಾದಗಳು ಮುದಿತನದಲ್ಲಿ ಬೆಳ್ಳಗೆ, ಸುಮ್ಮಗೆ ಆದವು. ಫ್ಯಾಕ್ಟರಿಯ ನೆಲ ಕೊರೆಯುತ್ತದೆ ಅಂತ ಅವನಿಗೆ ಗೊತ್ತಾದದ್ದೇ ಆಗ. ಅವನೂ ರಬ್ಬರ್ ಬೂಟು ಹಾಕಿದ. ಜನ ಅಭಿನಂದಿಸಿದರೆ ತಲೆ ತಗ್ಗಿಸಿ ಆಚೆ ಹೋಗುತ್ತಿದ್ದ. ಅಷ್ಟು ಸುಖವನ್ನು ಅಷ್ಟು ಸಂಕಟದಿಂದ ಹೊತ್ತವನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೊದಲೆಲ್ಲ ಅಕ್ಕ ಬಾಯಿ ಬಿಡುವ ಮುಂಚೆಯೇ ಅವನಿಗೆ ತಿಳಿಯುತ್ತಿತ್ತು. ಸೆಖೆ ಏರಿ ತನ್ನ ಪಾದ ಚುರುಗುಟ್ಟಿದ ಕೂಡಲೇ, ಅವಳದೂ ಶುರುವಾಗಿರುತ್ತದೆ ಅಂತ ಕೆಲಸ ಬಿಟ್ಟು ಐಸ್ ಹಿಡಿದು ಓಡಿಬರುತ್ತಿದ್ದ. ಈಗ ಕೇಳಿ ತಿಳಿಯಬೇಕು. ನಿನ್ನೆ ಮಧ್ಯಾಹ್ನ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತು ಕೇಳಿದ.

"ಉರೀತಿದ್ಯಾ, ದೊಡ್ಡವಳೇ?"

ಅಕ್ಕ ಹೊಲಿಯುತ್ತಿದ್ದ ಷರಟನ್ನು ಪಾದ ಮುಚ್ಚುವ ಹಾಗೆ ಮೊಣಕಾಲಿನಿಂದ ಕೆಳಗೆ ಇಳಿಬಿಟ್ಟಳು. "ಇಲ್ಲಪ್ಪ. ಇವತ್ತು ಪರವಾಗಿಲ್ಲ."

ಅಪ್ಪ ಅವಳ ಮುಖ ನೋಡಿದ. ಆಮೇಲೆ ತನ್ನ ಕಾಲನ್ನು ನೋಡಿಕೊಂಡ, ಅಭ್ಯಾಸ ಬಲ. ಅದರಿಂದ ಅವನಿಗೆ ಏನೂ ತಿಳಿಯಲಿಲ್ಲ. "ಹಾಗಾದ್ರೆ ಸರಿ," ಅಂದು, ಊಟ ಮುಗಿಸಿ, ಬಿಸಿಲಲ್ಲಿ ಇಳಿದು ಕೆಲಸಕ್ಕೆ ಹೋದ. ಅವನು ಬೀದಿಯ ತಿರುವು ದಾಟುವವರೆಗೆ ಅಕ್ಕ ತುಟಿ ಕಚ್ಚಿಕೊಂಡು ಕೂತಿದ್ದಳು. ಆಮೇಲೆ ಷರಟನ್ನು ಪಕ್ಕಕ್ಕೆ ಎಸೆದು ನನ್ನ ಕೈ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ನಾನು ಐಸ್ ಒಡೆಯತೊಡಗಿದೆ.